ಪಾತ್ರ ಹುಟ್ಟಿದ ಸಂಚಿಕೆಗೇ ಪಟ್ಟವೇಕೆ?

1966ರ ಫೆಬ್ರವರಿ ತಿಂಗಳ 'ದಿ ಅಮೇಝಿಂಗ್ ಸ್ಪೈಡರ್-ಮ್ಯಾನ್' 33ನೇ ಸಂಚಿಕೆ. ಪೀಟರ್ ಪಾರ್ಕರ್ ದೈತ್ಯ ಯಂತ್ರವೊಂದರ ಅಡಿ ಸಿಕ್ಕಿಬಿದ್ದಿದ್ದಾನೆ. ಜಾಗ ನೀರಿನಾಳದ ಅಡಗುದಾಣ. ಮೇಲಿಂದ ನೀರು ಸೋರಿ ಸುರಿಯುತ್ತಿದೆ. ತನ್ನನ್ನು ಸಾಕಿದ ಮೇ ದೊಡ್ಡಮ್ಮನನ್ನು ಬದುಕಿಸಬಲ್ಲ ಔಷಧಿ ಕಣ್ಣೆದುರಿಗೇ ಇದೆ, ಕೈಗೆ ಎಟುಕುತ್ತಿಲ್ಲ. ಚಿತ್ರಕಾರ ಸ್ಟೀವ್ ಡಿಟ್ಕೊ ಈ ಸಂಕಟವನ್ನು ಅವಸರವಿಲ್ಲದೆ ಪುಟದಿಂದ ಪುಟಕ್ಕೆ ಬೆಳೆಸುತ್ತಾರೆ. ಮೊದಲು ಚಿಕ್ಕ ಚಿಕ್ಕ ಚೌಕಟ್ಟು, ಬಾಗಿದ ಬೆನ್ನು, ನಡುಗುವ ತೋಳು. ಆಮೇಲೆ ಚೌಕಟ್ಟುಗಳು ಹಿಗ್ಗುತ್ತವೆ. ಕೊನೆಗೆ ಹುಡುಗ ಆ ಭಾರವನ್ನು ಎತ್ತಿ ಎಸೆಯುವ ಹೊತ್ತಿಗೆ ಒಂದಿಡೀ ಪುಟವೇ ಆ ಒಂದು ಚಿತ್ರಕ್ಕೆ ಮೀಸಲು. ಸೂಪರ್‌ಹೀರೊ ಕಾಮಿಕ್ಸ್ ಎಂಬ ಕಲೆ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ಈ ಪುಟಗಳನ್ನು ಮುಂದಿಟ್ಟರೆ ಸಾಕು.

ಈ ಕತೆ 31, 32, 33 ಎಂಬ ಮೂರು ಸಂಚಿಕೆಗಳಲ್ಲಿ ಹರಡಿದೆ. ಹಳೆಯ ಸಂಚಿಕೆಗಳ ಮಾರುಕಟ್ಟೆಗೆ ಹೋಗಿ ಮೂರರ ಬೆಲೆ ಕೇಳಿ. ಒಂದೇ ಸ್ಥಿತಿಯ ಪ್ರತಿಗಳಾದರೆ 31ಕ್ಕೇ ಹೆಚ್ಚು ಬೆಲೆ. ಕಾರಣ ಕತೆಗೆ ಸಂಬಂಧಿಸಿದ್ದಲ್ಲ. ಆ ಸಂಚಿಕೆಯಲ್ಲಿ ಗ್ವೆನ್ ಸ್ಟೇಸಿ ಎಂಬ ಹುಡುಗಿಯೂ ಹ್ಯಾರಿ ಆಸ್ಬಾರ್ನ್ ಎಂಬ ಹುಡುಗನೂ ಕಾಲೇಜಿನ ಆವರಣದಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತಾರೆ. ದೊಡ್ಡಮ್ಮನ ಚಿಂತೆಯಲ್ಲಿ ಮುಳುಗಿದ ಪೀಟರ್ ಅವರನ್ನು ಗಮನಿಸುವುದಿಲ್ಲ, ಗ್ವೆನ್‌ಗೆ ಸಿಟ್ಟು ಬರುತ್ತದೆ, ಅಷ್ಟೇ. ಆ ಮೂರು ಸಂಚಿಕೆಗಳನ್ನು ಅಮರವಾಗಿಸಿದ ಪುಟಗಳಿಗಿಂತ ಈ ಮುಖಪರಿಚಯಕ್ಕೆ ಹೆಚ್ಚು ಬೆಲೆ ಕಟ್ಟುವ ಲೆಕ್ಕಾಚಾರವೇ ಇಂದು ಹಳೆಯ ಕಾಮಿಕ್ಸ್ ಸಂಗ್ರಹದ ಶಾಸ್ತ್ರವಾಗಿ ಕೂತಿದೆ. ಆ ಶಾಸ್ತ್ರ ತಪ್ಪು ಎಂದು ವಾದಿಸುವುದಕ್ಕಾಗಿಯೇ ಈ ಲೇಖನ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಇಡೋಣ. ಹೊಸದಾಗಿ ಸಂಗ್ರಹಕ್ಕೆ ಇಳಿದವರಿಗೆ ಅನುಭವಿಗಳು, ಅಂಗಡಿಯವರು, ಬೆಲೆ ಪುಸ್ತಕಗಳು ಎಲ್ಲರೂ ಹೇಳುವುದು ಒಂದೇ ಮಾತು: 'ಕೀ ಇಶ್ಯೂ' ಕೊಳ್ಳಿ. ಕೀ ಇಶ್ಯೂ ಎಂದರೆ ಒಂದು ಪಾತ್ರ ಮೊದಲು ಕಾಣಿಸಿಕೊಂಡ ಸಂಚಿಕೆ, ಮಾಲಿಕೆಯ ಮೊದಲನೇ ಸಂಚಿಕೆ, ಮುಖ್ಯ ಪಾತ್ರವೊಂದು ಸತ್ತ ಸಂಚಿಕೆ. ಅದರಲ್ಲೂ ಕೈಗೆ ಎಟುಕುವಷ್ಟರಲ್ಲಿ ಅತ್ಯುತ್ತಮ ಸ್ಥಿತಿಯ ಪ್ರತಿ. ಸಾಧ್ಯವಾದರೆ ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡಿದ 'ಸ್ಲ್ಯಾಬ್'. ಹತ್ತು ಸಾಧಾರಣ ಸಂಚಿಕೆಗಳಿಗಿಂತ ಒಂದು ಕೀ ಮೇಲು. ಕೀ ಬೆಲೆ ಉಳಿಸಿಕೊಳ್ಳುತ್ತದೆ, ಉಳಿದದ್ದು ಕಾಗದ. ಓದಬೇಕೆಂದರೆ ಮರುಮುದ್ರಣಗಳಿವೆಯಲ್ಲ, ಮೂಲ ಪ್ರತಿಯನ್ನು ಮುಟ್ಟುವುದೇಕೆ?

ಈ ವಾದದ ಬೆನ್ನಿಗೆ ದೊಡ್ಡ ಸಂಖ್ಯೆಗಳಿವೆ. 1962ರ ಆಗಸ್ಟ್‌ನಲ್ಲಿ 12 ಸೆಂಟ್‌ಗೆ ಸಿಗುತ್ತಿದ್ದ, ಸ್ಪೈಡರ್-ಮ್ಯಾನ್ ಹುಟ್ಟಿದ 'ಅಮೇಝಿಂಗ್ ಫ್ಯಾಂಟಸಿ' 15ನೇ ಸಂಚಿಕೆಯ ಒಂದು ಪ್ರತಿ 2021ರಲ್ಲಿ 36 ಲಕ್ಷ ಡಾಲರಿಗೆ ಹರಾಜಾಯಿತು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ 'ಆಕ್ಷನ್ ಕಾಮಿಕ್ಸ್' 1ನೇ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಈ ಎರಡೂ ಸಂಚಿಕೆಗಳು ಚರಿತ್ರೆಯಲ್ಲಿ ದೊಡ್ಡವು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಇಂಥ ಎರಡು ಹೆಬ್ಬಾಗಿಲುಗಳ ಹೆಸರು ಹೇಳಿ ಸಾವಿರಾರು ಸಾಧಾರಣ ಸಂಚಿಕೆಗಳಿಗೂ ಅದೇ ಅಳತೆಗೋಲು ಹಿಡಿದಿದ್ದಾರಲ್ಲ, ಅಲ್ಲಿಗೆ ಶಾಸ್ತ್ರ ಮುರಿದುಬೀಳುತ್ತದೆ.

ಮೊದಲ ಆಕ್ಷೇಪಣೆ ಕಲೆಯ ಕಡೆಯಿಂದ. ಸೂಪರ್‌ಹೀರೊ ಕಾಮಿಕ್ಸ್ ತಿಂಗಳಿಂದ ತಿಂಗಳಿಗೆ ನಡೆಯುವ ಧಾರಾವಾಹಿ. ಬರೆಯುವವರು, ಬಿಡಿಸುವವರು ಒಂದು ಪಾತ್ರವನ್ನು ಅಂಗಳಕ್ಕೆ ತಂದ ದಿನವೇ ಅದರ ಆಳವನ್ನು ಕಂಡಿರುವುದಿಲ್ಲ. ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಅದರೊಡನೆ ಒಡನಾಡಿದ ಮೇಲೆ ಅದು ಬಾಯಿ ಬಿಡುತ್ತದೆ. ಆದ್ದರಿಂದ ಮೊದಲ ದರ್ಶನದ ಸಂಚಿಕೆ ಬಹುಪಾಲು ಬೀಜದ ಸಂಚಿಕೆ. ಫಲ ಬರುವುದು ಬೇರೆಡೆ. ವುಲ್ವರಿನ್ 1974ರ 'ದಿ ಇನ್‌ಕ್ರೆಡಿಬಲ್ ಹಲ್ಕ್' 180ನೇ ಸಂಚಿಕೆಯ ಕೊನೆಯ ಪುಟದಲ್ಲಿ ಇಣುಕಿ, 181ರಲ್ಲಿ ಪೂರ್ತಿಯಾಗಿ ಬಂದು ಹಲ್ಕ್ ಜೊತೆ ಹೊಡೆದಾಡುತ್ತಾನೆ. ಆ ಕಾಲದ ಒಂದು ಮಾಮೂಲಿ ಹೊಡೆದಾಟದ ಸಂಚಿಕೆ ಅದು. ವುಲ್ವರಿನ್ ಎಂದರೆ ನಾವು ಇಂದು ಬಲ್ಲ ಮನುಷ್ಯನಾದದ್ದು ಆಮೇಲಿನ ವರ್ಷಗಳಲ್ಲಿ, ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ 'ಎಕ್ಸ್-ಮೆನ್' ಮಾಡುತ್ತಿದ್ದಾಗ. ಆದರೆ ಆ ಎಕ್ಸ್-ಮೆನ್ ಸಂಚಿಕೆಗಳಲ್ಲಿ ಬಹಳಷ್ಟನ್ನು ಕೊಳ್ಳುವ ದುಡ್ಡು ಒಂದು 181ಕ್ಕೆ ಸಾಲುವುದಿಲ್ಲ.

ಉದಾಹರಣೆ ಒಂದೆರಡಲ್ಲ. 1966ರ 'ಫೆಂಟಾಸ್ಟಿಕ್ ಫೋರ್' 48ರಲ್ಲಿ ಸಿಲ್ವರ್ ಸರ್ಫರ್ ಬರುತ್ತಾನೆ, 52ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಬರುತ್ತಾನೆ, ಎರಡಕ್ಕೂ ಮುಗಿಬೀಳುತ್ತಾರೆ. ನಡುವಿನ 51ನೇ ಸಂಚಿಕೆಯಲ್ಲಿ ಹೊಸ ಹೀರೊ ಯಾರೂ ಇಲ್ಲ. ಹೊಟ್ಟೆಕಿಚ್ಚಿನಿಂದ ಬೆಂದ ಒಬ್ಬ ವಿಜ್ಞಾನಿ ಹೀರೊ ತಂಡದ ಬೆನ್ ಗ್ರಿಮ್‌ನ ಕಲ್ಲು ಮೈಯನ್ನು ಕದ್ದು ವೈರಿಯ ಮನೆ ಹೊಕ್ಕು, ಅಲ್ಲಿ ಕಂಡ ಸ್ನೇಹಕ್ಕೆ ಕರಗಿ, ಅದೇ ವೈರಿಯನ್ನು ಉಳಿಸಲು ಪ್ರಾಣ ಕೊಡುತ್ತಾನೆ. ಆ ವಿಜ್ಞಾನಿಗೆ ಹೆಸರೂ ಇಲ್ಲ. ಸ್ಟಾನ್ ಲೀ ಮತ್ತು ಜ್ಯಾಕ್ ಕಿರ್ಬಿ ಸೇರಿ ಮಾಡಿದ ನೂರಕ್ಕೂ ಹೆಚ್ಚು ಸಂಚಿಕೆಗಳಲ್ಲಿ ಇದಕ್ಕಿಂತ ಒಳ್ಳೆಯ ಒಂದೇ ಸಂಚಿಕೆಯ ಕತೆಯನ್ನು ನಾನು ಕಂಡಿಲ್ಲ. 1983ರ 'ಥಾರ್' 337 ಕೀ: ಬೀಟಾ ರೇ ಬಿಲ್ ಹುಟ್ಟಿದ್ದು ಅಲ್ಲಿ. ಅದನ್ನು ಬರೆದು ಬಿಡಿಸಿದ ವಾಲ್ಟ್ ಸೈಮನ್‌ಸನ್ ಎರಡು ವರ್ಷದ ಮೇಲೆ 362ರಲ್ಲಿ, ಬದುಕಿಡೀ ಇನ್ನೊಬ್ಬರ ಕೈಗೊಂಬೆಯಾಗಿದ್ದ ಸ್ಕರ್ಜ್ ಎಂಬ ಪುಡಿ ಖಳನನ್ನು ಸೇತುವೆಯೊಂದರ ಮೇಲೆ ಒಂಟಿಯಾಗಿ ನಿಲ್ಲಿಸಿ, ಸತ್ತವರ ಸೈನ್ಯಕ್ಕೆ ಎದೆಯೊಡ್ಡಿಸಿದರು. ಓದಿದವರು ಮರೆಯುವುದಿಲ್ಲ. ಕೆಲವೇ ಡಾಲರಿಗೆ ಸಿಗುತ್ತದೆ. ಅಲನ್ ಮೂರ್ 'ಸ್ವಾಂಪ್ ಥಿಂಗ್' ಅನ್ನು ಬುಡಮೇಲು ಮಾಡಿದ್ದು 1984ರ 21ನೇ ಸಂಚಿಕೆಯಲ್ಲಿ; ಸಂಗ್ರಾಹಕರು ಹುಡುಕುವುದು 37ನ್ನು, ಏಕೆಂದರೆ ಅಲ್ಲಿ ಜಾನ್ ಕಾನ್‌ಸ್ಟಂಟೀನ್ ಬರುತ್ತಾನೆ. ಫ್ರ್ಯಾಂಕ್ ಮಿಲ್ಲರ್ 'ಡೇರ್‌ಡೆವಿಲ್' 168ರಲ್ಲಿ ಇಲೆಕ್ಟ್ರಾಳನ್ನು ತಂದರು, ಅದು ಕೀ. 191ರಲ್ಲಿ ಹೀರೊನನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಬಿದ್ದ ಶತ್ರುವಿನ ಪಕ್ಕ ರಿವಾಲ್ವರ್ ಹಿಡಿಸಿ ಕೂರಿಸಿ, ಹಿಂಸೆಗೆ ತನ್ನ ಪಾಲೆಷ್ಟು ಎಂದು ಅವನ ಬಾಯಲ್ಲೇ ಕೇಳಿಸಿದರು, ಅದು ಕೀ ಅಲ್ಲ. ಇಷ್ಟು ಸಲ ಒಳ್ಳೆಯದನ್ನು ಬಿಟ್ಟು ಪಕ್ಕದ್ದನ್ನು ತೋರಿಸುವ ಬೆರಳನ್ನು ಹಿಡಿದು ನಡೆಯುವುದು ಹೇಗೆ?

ಎರಡನೆಯ ಆಕ್ಷೇಪಣೆ: ಯಾವುದು ಕೀ ಎಂದು ತೀರ್ಮಾನಿಸುವವರು ಓದುಗರಲ್ಲ, ಸಿನಿಮಾ ಕಂಪನಿಗಳು. ಕಿರ್ಬಿ 1970ರಲ್ಲಿ ಮಾರ್ವೆಲ್ ಬಿಟ್ಟು ಡಿಸಿಗೆ ಹೋಗಿ ಕಟ್ಟಿದ 'ಫೋರ್ತ್ ವರ್ಲ್ಡ್' ಕಥಾಲೋಕದ ಶಿಖರ 1972ರ 'ನ್ಯೂ ಗಾಡ್ಸ್' 7. ಎರಡು ಲೋಕಗಳ ಯುದ್ಧ ನಿಲ್ಲಿಸಲು ಇಬ್ಬರು ದೊರೆಗಳು ತಂತಮ್ಮ ಮಕ್ಕಳನ್ನು ಪರಸ್ಪರ ಒತ್ತೆಯಾಗಿ ಕೊಡುತ್ತಾರೆ. ಶಾಂತಿಗೆ ತೆತ್ತ ಆ ಬೆಲೆಯೇ ಮುಂದಿನ ಎಲ್ಲ ದುರಂತದ ಮೂಲ. ಕಿರ್ಬಿಯವರನ್ನು ಓದಿದವರು ದಶಕಗಳ ಕಾಲ ಅದನ್ನು ಹೊಗಳಿದರು. ಮಾರುಕಟ್ಟೆ ಕಿವಿಗೆ ಹಾಕಿಕೊಳ್ಳಲಿಲ್ಲ. 2017ರ 'ಜಸ್ಟಿಸ್ ಲೀಗ್' ಸಿನಿಮಾದಲ್ಲಿ ಸ್ಟೆಪನ್‌ವುಲ್ಫ್ ಎಂಬವನು ಖಳನಾಯಕ ಎಂದು ಗೊತ್ತಾಯಿತು. ಅವನು ಮೊದಲು ಕಾಣಿಸಿಕೊಂಡದ್ದು ಇದೇ ಸಂಚಿಕೆಯಲ್ಲಿ. ಅಲ್ಲಿಂದ ಅದು ಕೀ ಪಟ್ಟಿ ಸೇರಿತು. ಒಳ್ಳೆಯ ಸಂಚಿಕೆಗೆ ಬೆಲೆ ಬಂದಿತಲ್ಲ ಎಂದು ಸಮಾಧಾನಪಡುವಂತಿಲ್ಲ. ಬಂದದ್ದು ಕಿರ್ಬಿಯ ಕತೆಯ ಸಲುವಾಗಿ ಅಲ್ಲ. ಅದೇ ಕಿರ್ಬಿಯವರ 1976ರ 'ದಿ ಎಟರ್ನಲ್ಸ್' ಮೊದಲ ಸಂಚಿಕೆ 2021ರ ಸಿನಿಮಾದ ನಿರೀಕ್ಷೆಯಲ್ಲಿ ಏರಿ, ಸಿನಿಮಾ ಬಂದು ಹೋದ ಮೇಲೆ ಇಳಿಯಿತು. ಸಂಚಿಕೆಯೊಳಗಿನ ಒಂದು ಗೆರೆಯೂ ಈ ನಡುವೆ ಬದಲಾಗಿರಲಿಲ್ಲ.

ಈ ಮಾತು ಕನ್ನಡದ ಓದುಗರಿಗೆ ಇನ್ನಷ್ಟು ಹತ್ತಿರದ್ದು. ಅಮೆರಿಕದ ಮಕ್ಕಳು ಈ ಹೀರೊಗಳನ್ನು ಪೇಪರ್ ಅಂಗಡಿಯ ಕಂಬಿಯಲ್ಲಿ ನೇತುಹಾಕಿದ ಸಂಚಿಕೆಗಳಲ್ಲಿ ಕಂಡರು. ನಮ್ಮಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಮೊದಲು ಟೀವಿ, ಆಮೇಲೆ ಸಿನಿಮಾ. ಕಾಗದ ಬಂದದ್ದು ಕೊನೆಗೆ. ಬೆಂಗಳೂರಿನಲ್ಲಿ ಕೂತು ಆನ್‌ಲೈನಿನಲ್ಲಿ ತರಿಸುವವರಾಗಲಿ, ನ್ಯೂ ಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿ ಶನಿವಾರ ಕಾಮಿಕ್ಸ್ ಅಂಗಡಿಗೆ ಹೋಗುವ ಕನ್ನಡಿಗರಾಗಲಿ, ಸಿನಿಮಾದ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋದರೆ ಮತ್ತೆ ಸಿನಿಮಾವನ್ನೇ ಕೊಂಡು ತರುತ್ತಾರೆ. ಸಿನಿಮಾಕ್ಕೆ ಗೊತ್ತಿಲ್ಲದ, ಸಿನಿಮಾ ಮಾಡಲಾಗದ ಕತೆಗಳು ಕಾಗದದಲ್ಲಿ ಉಳಿದಿವೆ. ಹಳೆಯ ಸಂಚಿಕೆ ಹುಡುಕುವುದಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಮೂರನೆಯದು ಸ್ಲ್ಯಾಬ್. ರಾಬರ್ಟ್ ಓವರ್‌ಸ್ಟ್ರೀಟ್ ಅವರ ಬೆಲೆ ಪುಸ್ತಕ 1970ರಲ್ಲಿ ಮೊದಲು ಬಂದಾಗ ಹಳೆಯ ಸಂಚಿಕೆಗಳಿಗೆ ಒಂದು ಪಟ್ಟಿ, ಒಂದು ಕ್ರಮ ಸಿಕ್ಕಿತು, ಅದು ಉಪಕಾರವೇ. 2000ದಲ್ಲಿ ಸಿಜಿಸಿ ಸಂಸ್ಥೆ ಶುರುವಾಗಿ, ಸಂಚಿಕೆಗೆ 10ರೊಳಗೆ ಅಂಕ ಕೊಟ್ಟು ಪ್ಲಾಸ್ಟಿಕ್‌ನಲ್ಲಿ ಮುಚ್ಚುವ ಪದ್ಧತಿ ಬಂತು. ಇದಕ್ಕೂ ಒಂದು ನ್ಯಾಯವಾದ ಕಾರಣವಿತ್ತು. ಹರಿದ ಅಂಚಿಗೆ ತೇಪೆ ಹಾಕಿ, ಮಾಸಿದ ಬಣ್ಣಕ್ಕೆ ಬಣ್ಣ ತುಂಬಿ, ಹೇಳದೆ ಮಾರುವ ಮೋಸ ನಡೆಯುತ್ತಿತ್ತು. ಲಕ್ಷ ಡಾಲರ್ ಕೊಡುವವರಿಗೆ ಮೂರನೆಯವರ ಪರೀಕ್ಷೆ ಬೇಕು, ಒಪ್ಪೋಣ. ಆದರೆ ಈಗ ನೂರು ಡಾಲರಿನ, ಐವತ್ತು ಡಾಲರಿನ ಸಂಚಿಕೆಗಳೂ ಪೆಟ್ಟಿಗೆ ಸೇರುತ್ತಿವೆ. ಪೆಟ್ಟಿಗೆ ತೆರೆದರೆ ಅಂಕ ರದ್ದು. ಅಂದರೆ ಓದಿದ ಕೂಡಲೇ ಬೆಲೆ ಬಿತ್ತು. ಓದುವುದನ್ನೇ ನಷ್ಟವೆಂದು ಬಗೆಯುವ ಸಂಗ್ರಹ ಪದ್ಧತಿ ಪುಸ್ತಕಕ್ಕೆ ಸಲ್ಲದು. ಪೆಟ್ಟಿಗೆ ಕೊಡುವ ಭರವಸೆಯೂ ಪೂರ್ತಿ ಗಟ್ಟಿಯಲ್ಲ: ಮುಚ್ಚಿದ ಪೆಟ್ಟಿಗೆಯೊಳಗಿನ ಪ್ರತಿಯನ್ನೇ ಬದಲಿಸಿ ಮಾರಿದ ಪ್ರಕರಣ 2023ರ ಕೊನೆಗೆ ಬೆಳಕಿಗೆ ಬಂದು ಸಂಗ್ರಾಹಕ ಲೋಕ ತತ್ತರಿಸಿತು. ಇನ್ನು ಸಂಚಿಕೆಯನ್ನು ಶಾಖ ಮತ್ತು ತೇವ ಕೊಟ್ಟು ಒತ್ತಿ, ಸುಕ್ಕು ತೆಗೆದು ಅಂಕ ಏರಿಸುವ 'ಪ್ರೆಸ್ಸಿಂಗ್' ಬಹಿರಂಗವಾಗಿಯೇ ನಡೆಯುತ್ತದೆ. ಅದನ್ನು ದುರಸ್ತಿ ಎಂದು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. 9.6ಕ್ಕೂ 9.8ಕ್ಕೂ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದು ಕಷ್ಟ. ಬೆಲೆಯಲ್ಲಿ ಮಾತ್ರ ಅದು ಕಣ್ಣು ಕುಕ್ಕುತ್ತದೆ.

ಕಾಮಿಕ್ಸ್ ಯಾವುದಕ್ಕಾಗಿ ಹುಟ್ಟಿತು ಎಂಬುದನ್ನು ಈ ಪದ್ಧತಿ ಎಷ್ಟು ಮರೆತಿದೆ ಎನ್ನುವುದಕ್ಕೆ ಮತ್ತದೇ ಹಲ್ಕ್ 181 ಸಾಕ್ಷಿ. 1974ರಿಂದ ಮಾರ್ವೆಲ್ ತನ್ನ ಸಂಚಿಕೆಗಳ ಪತ್ರಗಳ ಪುಟದಲ್ಲಿ 'ಮಾರ್ವೆಲ್ ವ್ಯಾಲ್ಯೂ ಸ್ಟಾಂಪ್' ಎಂಬ ಪುಟ್ಟ ಚಿತ್ರ ಅಚ್ಚು ಹಾಕುತ್ತಿತ್ತು. ಕತ್ತರಿಸಿ ಒಂದು ಪುಸ್ತಕದಲ್ಲಿ ಅಂಟಿಸಿ ಎಂದು ಪ್ರಕಾಶಕರೇ ಮಕ್ಕಳಿಗೆ ಹೇಳಿದ್ದರು. ಮಕ್ಕಳು ಕತ್ತರಿಸಿದರು. ಇಂದು ಆ ಸ್ಟಾಂಪ್ ಇಲ್ಲದ ಪ್ರತಿಯನ್ನು ಅಂಗಹೀನವೆಂದು ಎತ್ತಿಡುತ್ತಾರೆ, ಬೆಲೆ ನೆಲಕಚ್ಚುತ್ತದೆ. ಪ್ರಕಾಶಕರು ಬಯಸಿದಂತೆಯೇ ಸಂಚಿಕೆಯನ್ನು ಬಳಸಿದ ಮಗು ಇಂದಿನ ಲೆಕ್ಕದಲ್ಲಿ ತಪ್ಪಿತಸ್ಥ. ಕೊಂಡು, ಓದದೆ, ಕತ್ತಲಲ್ಲಿಟ್ಟವನು ಆದರ್ಶ. 1977ರಲ್ಲಿ ಮಾರ್ವೆಲ್ ಬೆಲೆ ಏರಿಸುವ ಮುನ್ನ ಕೆಲವು ಊರುಗಳಲ್ಲಿ 30 ಸೆಂಟ್ ಬದಲು 35 ಸೆಂಟ್ ಅಚ್ಚು ಹಾಕಿ ಪರೀಕ್ಷಿಸಿತು. ಒಳಗೆ ಅದೇ ಕತೆ, ಅದೇ ಚಿತ್ರ, ಅದೇ ಮಸಿ. 35 ಸೆಂಟ್ ಎಂದಿರುವ 'ಸ್ಟಾರ್ ವಾರ್ಸ್' 1ನೇ ಸಂಚಿಕೆಗೆ ಉಳಿದವುಗಳ ಎಷ್ಟೋ ಪಟ್ಟು ಬೆಲೆ. ಮುಖಪುಟದ ಮೂಲೆಯ ಒಂದಂಕಿಗೆ ದುಡ್ಡು ಕೊಡುವವರು ಪುಟ ತೆರೆಯುವ ಅಗತ್ಯವೇ ಇಲ್ಲ.

ತೆರೆದರೆ ಸಿಗುವುದೇನು? 1963ರ ನವೆಂಬರಿನ 'ಫೆಂಟಾಸ್ಟಿಕ್ ಫೋರ್' 20 ಕೀ ಪಟ್ಟಿಯಲ್ಲಿರುವುದು ಮಾಲಿಕ್ಯೂಲ್ ಮ್ಯಾನ್ ಎಂಬ ಖಳನ ಮೊದಲ ದರ್ಶನಕ್ಕಾಗಿ. ಅದರ ಪತ್ರಗಳ ಪುಟದಲ್ಲಿ ಹದಿಹರೆಯದ ಅಭಿಮಾನಿಯೊಬ್ಬನ ಕಾಗದ ಅಚ್ಚಾಗಿದೆ. ಹುಡುಗನ ಹೆಸರು ಜಾರ್ಜ್ ಆರ್. ಆರ್. ಮಾರ್ಟಿನ್, ಮುಂದೆ 'ಗೇಮ್ ಆಫ್ ಥ್ರೋನ್ಸ್' ಬರೆದವರು. 1960ರ ದಶಕದಲ್ಲಿ ಇಂಥ ಪತ್ರಗಳ ಕೆಳಗೆ ಪೂರ್ತಿ ವಿಳಾಸ ಹಾಕತೊಡಗಿದ್ದರಿಂದಲೇ ಒಬ್ಬ ಓದುಗ ಇನ್ನೊಬ್ಬನಿಗೆ ಬರೆದ, ಅಭಿಮಾನಿ ಪತ್ರಿಕೆಗಳು ಹುಟ್ಟಿದವು, ಅಲ್ಲಿಂದಲೇ ಮುಂದಿನ ತಲೆಮಾರಿನ ಲೇಖಕರು ಬಂದರು. ಮೈ ಬೆಳೆಸಿಕೊಳ್ಳಿ ಎನ್ನುವ ಚಾರ್ಲ್ಸ್ ಅಟ್ಲಾಸ್ ಜಾಹೀರಾತು, ಅಂಚೆಯಲ್ಲಿ ಬರುವ ಸೀ-ಮಂಕಿಗಳು, ಮನೆಮನೆಗೆ 'ಗ್ರಿಟ್' ಪತ್ರಿಕೆ ಮಾರಿ ಕಾಸು ಗಳಿಸಿ ಎಂಬ ಕರೆ, ಓದುಗರನ್ನು ಗೆಳೆಯರಂತೆ ಮಾತಾಡಿಸುವ ಸ್ಟಾನ್ ಲೀ ಅವರ ಅಂಕಣ: ಇವು ಕತೆಯ ಪಕ್ಕದಲ್ಲೇ ಬದುಕಿದ್ದ ಕಾಲ. ಮೊಹರು ಹಾಕಿದ ಪೆಟ್ಟಿಗೆ ಇವೆಲ್ಲವನ್ನೂ ಮುಚ್ಚಿ ಮುಖಪುಟವೊಂದನ್ನೇ ಉಳಿಸುತ್ತದೆ.

ಹೂಡಿಕೆ ಎನ್ನುವವರಿಗೆ ಚರಿತ್ರೆಯಿಂದಲೇ ಉತ್ತರ. 1938ರ ಸಂಚಿಕೆಗಳು ಇಂದು ದುಬಾರಿ ಏಕೆ? ಅವನ್ನು ಯಾರೂ ಕೂಡಿಡಲಿಲ್ಲ. ಮಕ್ಕಳು ಓದಿ ಹರಿದರು, ತಾಯಂದಿರು ಎಸೆದರು, ಎರಡನೇ ಮಹಾಯುದ್ಧದಲ್ಲಿ ಕಾಗದ ಸಂಗ್ರಹದ ಅಭಿಯಾನಕ್ಕೆ ರಾಶಿಗಟ್ಟಲೆ ಕೊಟ್ಟರು. ಓದಿ ಸವೆದದ್ದರಿಂದಲೇ ಉಳಿದದ್ದು ಅಪರೂಪವಾಯಿತು. ಈ ಕಾರಣವನ್ನು ಮರೆತು ಬೆಲೆಯನ್ನಷ್ಟೇ ನೋಡಿದವರು 1991ರಲ್ಲಿ ಐದು ಮುಖಪುಟಗಳೊಡನೆ ಬಂದ 'ಎಕ್ಸ್-ಮೆನ್' 1ನೇ ಸಂಚಿಕೆಯನ್ನು ಕಟ್ಟುಗಟ್ಟಲೆ ಕೊಂಡರು. ಮಾರಾಟವಾದದ್ದು 80 ಲಕ್ಷಕ್ಕೂ ಹೆಚ್ಚು ಪ್ರತಿ. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸತ್ತ 75ನೇ ಸಂಚಿಕೆ ಕಪ್ಪು ಚೀಲದಲ್ಲಿ ಬಂತು. ಚೀಲ ಹರಿಯದೆ ಮುಂದೆ ಮಾರಿ ಮಕ್ಕಳ ಓದಿನ ಖರ್ಚಿಗೆ ಆದೀತೆಂದು ತೆಗೆದಿಟ್ಟರು. ಎಲ್ಲರೂ ಕೂಡಿಟ್ಟದ್ದು ಯಾರಿಗೂ ಅಪರೂಪವಾಗಲಿಲ್ಲ. ಗುಳ್ಳೆ ಒಡೆಯಿತು, ಎಷ್ಟೋ ಕಾಮಿಕ್ಸ್ ಅಂಗಡಿಗಳು ಬಾಗಿಲು ಹಾಕಿದವು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ರಕ್ಷಣೆ ಕೋರಿತು. ಅಂದಿನ ಕೀ ಬುದ್ಧಿಯೇ ಇಂದು ಸ್ಲ್ಯಾಬ್ ತೊಟ್ಟು ಬಂದಿದೆ. ಕೋವಿಡ್ ಕಾಲದಲ್ಲಿ ಏರಿದ ಬೆಲೆಗಳು ಆಮೇಲೆ ಇಳಿದಾಗ ಪೆಟ್ಟು ತಿಂದವರು ಹರಾಜಿನ ಕೋಟ್ಯಧೀಶರಲ್ಲ, ಸಂಬಳದಲ್ಲಿ ಉಳಿಸಿ ಕೀ ಕೊಂಡ ಸಾಧಾರಣ ಜನ.

ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರವಾದದ್ದು, ನ್ಯಾಯದ ಪ್ರಶ್ನೆ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಸೂಪರ್‌ಮ್ಯಾನ್ ಪಾತ್ರದ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಬಡತನದಲ್ಲಿ ಸವೆದ ಅವರಿಗೆ 1975ರಲ್ಲಿ, ಸಾರ್ವಜನಿಕ ಒತ್ತಡ ಬಂದ ಮೇಲೆ, ವರ್ಷಾಶನವೂ ಸಂಚಿಕೆಗಳಲ್ಲಿ ಹೆಸರೂ ದೊರಕಿತು. ಬ್ಯಾಟ್‌ಮ್ಯಾನ್‌ನ ರೂಪ, ಕತೆ ಎರಡಕ್ಕೂ ಕೈ ಹಾಕಿದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಸೃಷ್ಟಿಕರ್ತರ ಸಾಲಿನಲ್ಲಿ ಅವರ ಹೆಸರು ಅಧಿಕೃತವಾಗಿ ಬಂದದ್ದು 2015ರಲ್ಲಿ. ಕಿರ್ಬಿ ತಾವೇ ಬಿಡಿಸಿದ ಮೂಲ ಚಿತ್ರಗಳನ್ನು ಮರಳಿ ಪಡೆಯಲು 1980ರ ದಶಕದಲ್ಲಿ ಮಾರ್ವೆಲ್ ಜೊತೆ ವರ್ಷಗಟ್ಟಲೆ ಗುದ್ದಾಡಬೇಕಾಯಿತು. ಪಾತ್ರ ಕಂಪನಿಯ ಆಸ್ತಿ, ಮಾಡಿದವರು ಕೂಲಿಗಳು: ಈ ಉದ್ಯಮದ ಹಳೆಯ ಅನ್ಯಾಯ ಇದು. ಕೀ ಪದ್ಧತಿ ಅದೇ ಅನ್ಯಾಯವನ್ನು ಸಂಗ್ರಾಹಕನ ಕಪಾಟಿನಲ್ಲಿ ಮುಂದುವರಿಸುತ್ತದೆ. ಆಸ್ತಿ ನೋಂದಣಿಯಾದ ದಿನಕ್ಕೆ ಬೆಲೆ ಕಟ್ಟುತ್ತದೆ, ಕೈ ಕೆಲಸಕ್ಕೆ ಕಟ್ಟುವುದಿಲ್ಲ. ಡಿಟ್ಕೊ ಸತ್ವವೆಲ್ಲ ಸುರಿದ ಪುಟ ಯಾವುದು ಎಂದು ಕೇಳದ ಸಂಗ್ರಹ ಡಿಟ್ಕೊಗೆ ಗೌರವ ತೋರಿದಂತಲ್ಲ.

ಈಗ ಎದುರಾಳಿಗಳ ಅತ್ಯಂತ ಗಟ್ಟಿ ಪ್ರಶ್ನೆಗೆ ಬರುತ್ತೇನೆ. ಓದುವುದೇ ಗುರಿಯಾದರೆ ದಪ್ಪ ಮರುಮುದ್ರಣ ಸಂಪುಟಗಳಿವೆ, ಅವು ಅಗ್ಗ. ಹಳೆಯ ಕಾಗದ ಏಕೆ? ಮರುಮುದ್ರಣಗಳು ಬೇಕು, ಅವಿಲ್ಲದೆ ಈ ಕತೆಗಳು ಸತ್ತೇಹೋಗುತ್ತಿದ್ದವು. ಆದರೆ ಅವು ಮೂಲದ ಜಾಗ ತುಂಬುವುದಿಲ್ಲ. ಹಳೆಯ ಸಂಚಿಕೆಗಳ ಬಣ್ಣವನ್ನು ಒರಟು ನ್ಯೂಸ್‌ಪ್ರಿಂಟ್ ಕಾಗದ ಹೀರಿಕೊಳ್ಳುತ್ತದೆ ಎಂದು ತಿಳಿದೇ ಆರಿಸಿದ್ದರು. ಚುಕ್ಕಿ ಚುಕ್ಕಿಯಾಗಿ ಬಿದ್ದ ಕೆಂಪು, ಹಳದಿ, ನೀಲಿ ಆ ಕಾಗದದಲ್ಲಿ ಮೆತ್ತಗಾಗಿ ಬೆರೆಯುತ್ತವೆ. ಅವೇ ಬಣ್ಣ ಹೊಳೆಯುವ ಬಿಳಿ ಕಾಗದದ ಮೇಲೆ ಕಿರುಚುತ್ತವೆ. ಹೊಸದಾಗಿ ಕಂಪ್ಯೂಟರಿನಲ್ಲಿ ಬಣ್ಣ ಹಾಕಿದರೆ ಅದು ಬೇರೆಯೇ ಕಲಾವಿದರ ಕೆಲಸ. ಜೀನ್ ಕೋಲನ್ ಅವರ ಪೆನ್ಸಿಲ್ಲಿಗೆ ಟಾಮ್ ಪಾಮರ್ ಮಸಿ ತುಂಬಿದ 'ಟೂಂಬ್ ಆಫ್ ಡ್ರ್ಯಾಕುಲಾ'ದ ಮಂಜು, ನೆರಳು ಆ ಕಾಗದದಲ್ಲಿ ನೋಡಬೇಕಾದ್ದು. ಇನ್ನು ಕೆಲವು ಮಾಲಿಕೆಗಳು ಮರುಮುದ್ರಣವೇ ಕಾಣದೆ ದಶಕಗಳ ಕಾಲ ಕಳೆದವು. 'ಮಾಸ್ಟರ್ ಆಫ್ ಕುಂಗ್ ಫೂ'ನಲ್ಲಿ ಬರುವ ಫೂ ಮಾಂಚು ಬೇರೆಯವರ ಸ್ವತ್ತು. 'ರಾಮ್' ಒಂದು ಆಟಿಕೆ ಕಂಪನಿಯ ಸ್ವತ್ತು. ಹಕ್ಕಿನ ತೊಡಕು ಬಗೆಹರಿಯುವ ತನಕ ಇವು ಓದುಗರಿಗೆ ಸಿಕ್ಕಿದ್ದು ಹಳೆಯ ಸಂಚಿಕೆಗಳ ರಟ್ಟಿನ ಪೆಟ್ಟಿಗೆಯಲ್ಲಿ ಮಾತ್ರ. ಓದಲು ಮರುಮುದ್ರಣ, ಇಡಲು ಮೂಲ ಎಂದು ಎರಡಾಗಿ ಸೀಳಿದವರು ಎರಡನ್ನೂ ಅರ್ಧ ಮಾಡಿದ್ದಾರೆ. ಮೂಲವೇ ಓದಲಿಕ್ಕೆ ಇರುವುದು.

ಹಾಗಾದರೆ ಆಯುವುದು ಹೇಗೆ? ಖಂಡಿಸಿ ಕೈ ತೊಳೆದುಕೊಂಡರೆ ಸಾಲದು.

ಪಾತ್ರದ ಹಿಂದೆ ಹೋಗಬೇಡಿ, ಕೈಯ ಹಿಂದೆ ಹೋಗಿ. ಯಾರು ಬರೆದರು, ಯಾರು ಬಿಡಿಸಿದರು, ಯಾರು ಮಸಿ ಹಾಕಿದರು ಎಂದು ನೋಡಿ, ಮೆಚ್ಚಿದವರ ಸತತ ಕೆಲಸವನ್ನು ಕೊಳ್ಳಿ. ಕನ್ನಡದ ಮನೆಗಳಲ್ಲಿ ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕಿತ್ತಿಟ್ಟು, ಮುಗಿದ ಮೇಲೆ ಹೊಲಿಸಿ ರಟ್ಟು ಕಟ್ಟಿಸುತ್ತಿದ್ದರು. ಅವರಿಗೆ ಮೊದಲ ಕಂತಿನ ಮೇಲೆ ವಿಶೇಷ ಮಮತೆ ಇರಲಿಲ್ಲ, ಒಂದು ಕಂತೂ ತಪ್ಪಬಾರದೆಂಬ ಕಾಳಜಿ ಇತ್ತು. ಅದೇ ಬುದ್ಧಿ ಇಲ್ಲೂ ಸರಿ. ಡ್ರ್ಯಾಕುಲಾ ಮಾಲಿಕೆ 1972ರಿಂದ 1979ರವರೆಗೆ 70 ಸಂಚಿಕೆ. ಕೋಲನ್ ಎಲ್ಲವನ್ನೂ ಬಿಡಿಸಿದರು, ಮಾರ್ವ್ ವುಲ್ಫ್‌ಮನ್ 7ರಿಂದ ಕೊನೆತನಕ ಬರೆದರು. ಬ್ಲೇಡ್ ಎಂಬ ಪಾತ್ರ ಹುಟ್ಟಿದ 10ನೇ ಸಂಚಿಕೆಯೊಂದೇ ಕೈ ಸುಡುತ್ತದೆ, ಉಳಿದವು ಸುಡುವುದಿಲ್ಲ. ಆ ಒಂದನ್ನು ಮರುಮುದ್ರಣದಲ್ಲಿ ಓದಿ, ಮಿಕ್ಕದ್ದನ್ನು ಕೂಡಿಸಿ. ಆರ್ಚಿ ಗುಡ್‌ವಿನ್ ಮತ್ತು ಸೈಮನ್‌ಸನ್ ಸೇರಿ 1973–74ರ 'ಡಿಟೆಕ್ಟಿವ್ ಕಾಮಿಕ್ಸ್' 437ರಿಂದ 443ರವರೆಗೆ ಏಳೇ ಕಂತಿನಲ್ಲಿ ಮುಗಿಸಿದ 'ಮ್ಯಾನ್‌ಹಂಟರ್' ಪುಟ್ಟದು, ಪೂರ್ಣವಾದದ್ದು. ಅದೇ ಪತ್ರಿಕೆಯಲ್ಲಿ 1977–78ರಲ್ಲಿ ಸ್ಟೀವ್ ಎಂಗಲ್‌ಹಾರ್ಟ್ ಬರೆದು ಮಾರ್ಷಲ್ ರಾಜರ್ಸ್ ಬಿಡಿಸಿದ ಬ್ಯಾಟ್‌ಮ್ಯಾನ್ ಕತೆಗಳು 471ರಿಂದ 476. ಕಿರ್ಬಿಯವರ 'ನ್ಯೂ ಗಾಡ್ಸ್' 11 ಸಂಚಿಕೆ, 'ಫಾರೆವರ್ ಪೀಪಲ್' 11, 'ಮಿಸ್ಟರ್ ಮಿರಾಕಲ್' 18. ಸೈಮನ್‌ಸನ್ ಅವರ 'ಥಾರ್' 337ರಿಂದ 382. ಇವುಗಳಲ್ಲಿ ಯಾವುದೇ ಒಂದನ್ನು ಪೂರ್ತಿ ಮಾಡಿದವರು ಒಬ್ಬ ಕಲಾವಿದರನ್ನು ಬಲ್ಲವರಾಗುತ್ತಾರೆ. ಸ್ಪೈಡರ್-ಮ್ಯಾನ್‌ನ ಆರಂಭವೇ ಬೇಕೆನ್ನುವವರಿಗೆ 1982ರ 'ಮಾರ್ವೆಲ್ ಟೇಲ್ಸ್' 137 ಇದೆ: ಅಮೇಝಿಂಗ್ ಫ್ಯಾಂಟಸಿ 15ರ ಕತೆಯನ್ನು ಅದೇ ಬಗೆಯ ಕಾಗದದಲ್ಲಿ ಮತ್ತೆ ಅಚ್ಚು ಹಾಕಿ, ಮುಂದಿನ ಸಂಚಿಕೆಗಳಲ್ಲಿ ಡಿಟ್ಕೊ ಕತೆಗಳನ್ನು ಸಾಲಾಗಿ ಕೊಟ್ಟರು.

ಸ್ಥಿತಿಯ ವಿಚಾರದಲ್ಲಿ ನಡುದರ್ಜೆ ಸಾಕು. 10ಕ್ಕೆ 4ರಿಂದ 6 ಅಂಕದ ಪ್ರತಿಯ ಬೆನ್ನು ಸ್ವಲ್ಪ ಸವೆದಿರುತ್ತದೆ, ಮೂಲೆ ಮಡಿಚಿರುತ್ತದೆ, ನಿರಾಳವಾಗಿ ಓದಬಹುದು. ನೋಡಬೇಕಾದ್ದು ಬೇರೆ: ಎಲ್ಲ ಪುಟಗಳೂ ಇವೆಯೇ, ನಡುಹಾಳೆ ಕಳಚಿದೆಯೇ, ಸ್ಟಾಂಪ್ ಅಥವಾ ಕೂಪನ್ ಕತ್ತರಿಸಿದ್ದರೆ ಹಿಂಬದಿಯ ಕತೆಗೆ ತೂತು ಬಿದ್ದಿದೆಯೇ, ಕಾಗದ ಮುಟ್ಟಿದರೆ ಪುಡಿಯಾಗುತ್ತದೆಯೇ, ಬೂಷ್ಟಿನ ವಾಸನೆ ಇದೆಯೇ. ಬ್ರಿಟನ್ನಿಗೆಂದು ಅದೇ ಅಚ್ಚುಕೂಟದಲ್ಲಿ ಅಚ್ಚಾಗಿ, ಬೆಲೆ ಮಾತ್ರ ಪೆನ್ಸ್‌ನಲ್ಲಿರುವ ಪ್ರತಿಗಳನ್ನು ಅಮೆರಿಕದ ಸಂಗ್ರಾಹಕರು ಬಹುಕಾಲ ಕೀಳಾಗಿ ಕಂಡಿದ್ದಾರೆ. ಓದುಗರಿಗೆ ಅದು ಲಾಭ. ನಮ್ಮ ಕಡೆ ತಂದಿಟ್ಟುಕೊಳ್ಳುವವರು, ಅದರಲ್ಲೂ ಕರಾವಳಿ, ಮಲೆನಾಡಿನವರು, ಮಳೆಗಾಲದ ತೇವಕ್ಕೆ ಹೆದರಬೇಕು. ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಮೈಲಾರ್ ಚೀಲ, ಆಮ್ಲವಿಲ್ಲದ ರಟ್ಟು, ಸಿಲಿಕಾ ಜೆಲ್, ಬಿಸಿಲು ಬೀಳದ ಒಣ ಕಪಾಟು ಇಷ್ಟಿದ್ದರೆ ಸಂಚಿಕೆ ನಿಮ್ಮ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಚೀಲದಿಂದ ತೆಗೆದು ಓದಿ ಮತ್ತೆ ಒಳಗಿಡಬಹುದು. ಸ್ಲ್ಯಾಬ್‌ಗೂ ಇದಕ್ಕೂ ಇರುವ ವ್ಯತ್ಯಾಸವೆಲ್ಲ ಅಲ್ಲೇ ಇದೆ.

ಕೀ ಇಶ್ಯೂಗಳನ್ನು ಸುಟ್ಟುಹಾಕಿ ಎಂದು ನಾನು ಹೇಳುತ್ತಿಲ್ಲ. ಪ್ರೀತಿಯ ಸರಣಿಯ ನಡುವೆ ಕೀ ಬಂದರೆ, ಕೈಯಲ್ಲಿ ದುಡ್ಡಿದ್ದರೆ, ಕೊಳ್ಳಿ, ಓದಿ. ಆದರೆ ಆಯ್ಕೆ ಅಲ್ಲಿಂದ ಶುರುವಾಗಬಾರದು. ಇನ್ನೊಬ್ಬರು ಕೊಟ್ಟ ಪಟ್ಟಿಯಂತೆ, ಇನ್ನೊಬ್ಬರು ಕೊಟ್ಟ ಅಂಕದಂತೆ, ಮುಂದೆ ಬರಲಿರುವ ಸಿನಿಮಾದ ಸುದ್ದಿಯಂತೆ ಕೂಡಿಸಿದ ರಾಶಿಯಲ್ಲಿ ಕೂಡಿಸಿದವರ ಮನಸ್ಸೆಲ್ಲಿದೆ? ನಿಮ್ಮ ಸಂಗ್ರಹದ ಮುಂದೆ ನಿಂತು ಯಾರಾದರೂ ಒಂದು ಸಂಚಿಕೆ ತೋರಿಸಿ "ಇದೇ ಏಕೆ?" ಎಂದು ಕೇಳಿದರೆ ಬೆಲೆ ಹೇಳುವುದು ಉತ್ತರವಲ್ಲ, ಇಂಥವನು ಇಲ್ಲಿ ಮೊದಲು ಬರುತ್ತಾನೆ ಎನ್ನುವುದೂ ಉತ್ತರವಲ್ಲ. ಅದನ್ನು ಹೊರತೆಗೆದು, ಬಿಚ್ಚಿ, ಪುಟ ತೋರಿಸಿ, ಈ ಚಿತ್ರಕ್ಕಾಗಿ, ಈ ಮಾತಿಗಾಗಿ ಎಂದು ಹೇಳಲು ಬರಬೇಕು. ಹಾಗೆ ಹೇಳಲು ಬಾರದ ಸಂಚಿಕೆಯನ್ನು, ಅದು ಎಷ್ಟೇ ದೊಡ್ಡ ಕೀ ಆಗಿರಲಿ, ಕೊಳ್ಳಬೇಡಿ.